ಎದುರಾಳಿಗಳೆಲ್ಲ ಒಂದೇ ಬಲೆಗೆ ಕೈ: ಬ್ಯಾಟರಿ ಕಾರಿನ ಪಾಲಿನಲ್ಲಿ ಕಾರವಾರ-ಅಂಕೋಲೆಗೆ ಏನುಂಟು?

ಕಾರವಾರ: ಪೇಟೆಯಲ್ಲಿ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕೈಹಿಡಿದು ಎಳೆಯುವ ಕಾರು ಕಂಪನಿಗಳು ಬ್ಯಾಟರಿಯ ಮಾತು ಬಂದ ಕೂಡಲೇ ನೆಂಟರಾಗಿಬಿಡುತ್ತಿವೆ. ಟೊಯೊಟಾ ಮತ್ತು ಸುಜುಕಿ ಒಂದು ಕಡೆ. ಮಹೀಂದ್ರಾ ಮತ್ತು ಫೋಕ್ಸ್‌ವ್ಯಾಗನ್ ಇನ್ನೊಂದು ಕಡೆ. ಹ್ಯುಂಡೈ, ಕಿಯಾ ಮತ್ತು ಎಲ್ಲರಿಗೂ ಹಳೇ ಪರಿಚಯದ ಎಕ್ಸೈಡ್ ಮತ್ತೊಂದು ಕಡೆ. ಅಂಗಡಿಯಲ್ಲಿ ಜಗಳ, ಒಳಗೆ ಅಡುಗೆಗೆ ಒಂದೇ ಒಲೆ!

ಇದೆಲ್ಲ ಬೆಂಗಳೂರು, ಗುಜರಾತು, ಜಪಾನಿನ ದೊಡ್ಡವರ ವ್ಯವಹಾರ. ಕಾಳಿ ದಂಡೆಯವರಿಗೆ ಇದರಿಂದ ಏನಾಗಬೇಕು ಎಂದು ಕೇಳುವವರಿದ್ದಾರೆ. ಆಗಬೇಕಾದ್ದು ಬಹಳ ಇದೆ. ಅಂಕೋಲೆಯ ಕೇಣಿಯಲ್ಲಿ ಬಂದರು ಕಟ್ಟಲು ಬಂದ ಉದ್ಯಮ ಸಮೂಹವೇ ಇವತ್ತು ಬ್ಯಾಟರಿ ಕಾರು ಮಾರುವ ಕಂಪನಿಯೊಂದರ ಪಾಲುದಾರ. ಕಾರಿಗೆ ತುಂಬುವ ಕರೆಂಟು ಹುಟ್ಟುವುದು ಕೈಗಾ, ಕದ್ರಾ, ಕೊಡಸಳ್ಳಿಯಂಥ ಕಡೆ. ಸೊಸೈಟಿಯಲ್ಲಿ ಸಾಲ ತೆಗೆದು ಕಾರು ಕೊಳ್ಳುವವರು ಈ ಊರವರು. ಐಟಿಐ ಮುಗಿಸಿ ಗೋವಾಕ್ಕೋ ಬೆಂಗಳೂರಿಗೋ ಬಸ್ಸು ಹತ್ತುವ ಹುಡುಗರೂ ಈ ಊರವರೇ.

ಹಾಗಾಗಿ ಪ್ರಶ್ನೆ ಇಷ್ಟೇ: ದೊಡ್ಡವರು ಕೂಡಿ ಬ್ಯಾಟರಿ ಮಾಡಿದರೆ ಸಣ್ಣವರಿಗೆ ಸಿಗುವುದೇನು? ಕಾರಿನ ರೇಟು ಇಳಿಯುತ್ತದೋ, ಅಥವಾ ಕೂಡಿದವರೆಲ್ಲ ಸೇರಿ ಗಿರಾಕಿಯ ಕಿಸೆಗೇ ಕೈ ಹಾಕುತ್ತಾರೋ?

ಕರಿ ಡಬ್ಬಿಯಿಂದ ಕಾರಿನ ಹೊಟ್ಟೆಯವರೆಗೆ

ಪೆಟ್ರೋಲ್ ಕಾರಿನ ಬಾನೆಟ್ ಒಳಗಿನ ಕರಿ ಡಬ್ಬಿ ಬ್ಯಾಟರಿಯನ್ನು ಯಾವ ಕಾರು ಕಂಪನಿಯೂ ತಾನೇ ಮಾಡುತ್ತಿರಲಿಲ್ಲ. ಎಕ್ಸೈಡಿನದೋ ಅಮರಾನ್‌ದೋ ತಂದು ಹಾಕುತ್ತಿದ್ದರು. ಟಯರು ಎಂಆರ್‌ಎಫ್‌ನದು, ದೀಪ ಇನ್ನೊಬ್ಬರದು. ಎಲ್ಲ ಕಂಪನಿಗಳೂ ಒಂದೇ ಕಡೆ ಖರೀದಿ ಮಾಡಿದರೂ ಯಾರಿಗೂ ಅದು ಸುದ್ದಿಯಾಗಲಿಲ್ಲ. ಯಾಕೆಂದರೆ ಅದರ ಬೆಲೆ ಕೆಲವೇ ಸಾವಿರ.

ಕರೆಂಟ್ ಕಾರಿನದು ಬೇರೆಯೇ ಕಥೆ. ಅಲ್ಲಿ ಬ್ಯಾಟರಿ ಕಾರಿನ ಹೊಟ್ಟೆಯಡಿ ಉದ್ದಕ್ಕೂ ಹಾಸಿದ ಪೆಟ್ಟಿಗೆ. ಕಾರಿನ ಖರ್ಚಿನಲ್ಲಿ ಸುಮಾರು ಮೂರನೇ ಒಂದು ಪಾಲು ಅದೇ ನುಂಗುತ್ತದೆ. ಅಳತೆ ಮಾತ್ರ ಎಲ್ಲರಿಗೂ ಗೊತ್ತಿದ್ದದ್ದೇ. ಹೆಸ್ಕಾಂ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ಟೇ ಒಂದು ಕಿಲೋವ್ಯಾಟ್ ಅವರ್. 38 ಕಿಲೋವ್ಯಾಟ್ ಅವರ್ ಬ್ಯಾಟರಿ ಅಂದರೆ 38 ಯೂನಿಟ್ ಹಿಡಿಯುವ ಕೊಡಪಾನ, ಅಷ್ಟೆ. ಪೇಪರಿನಲ್ಲಿ ಬರುವ ‘ಗಿಗಾವ್ಯಾಟ್ ಅವರ್’ ಎಂಬ ದೊಡ್ಡ ಶಬ್ದಕ್ಕೂ ಹೆದರಬೇಕಾಗಿಲ್ಲ. ಅದು 10 ಲಕ್ಷ ಯೂನಿಟ್.

ಈ ಪೆಟ್ಟಿಗೆಯೊಳಗೆ ನೂರಾರು ಸಣ್ಣ ಸಣ್ಣ ಸೆಲ್ ಇರುತ್ತವೆ. ಸೆಲ್ಲುಗಳನ್ನು ಜೋಡಿಸಿ ಪೆಟ್ಟಿಗೆ ಮಾಡುವುದು ಕಷ್ಟವಲ್ಲ. ಅದನ್ನು ಭಾರತದಲ್ಲಿ ಎಷ್ಟೋ ಜನ ಮಾಡುತ್ತಿದ್ದಾರೆ. ಕಷ್ಟ ಇರುವುದು ಸೆಲ್ ಮಾಡುವುದರಲ್ಲಿ. ತಗಡಿನಂಥ ಹಾಳೆಯ ಮೇಲೆ ಪುಡಿಯ ಲೇಪ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದ ಹಾಗೆ ಕೂರಬೇಕು. ಒಳಗೆ ತೇವ ಸುಳಿಯಬಾರದು, ಧೂಳು ಬೀಳಬಾರದು. ಒಂದು ಸೆಲ್ ಕೆಟ್ಟರೆ ಇಡೀ ಪೆಟ್ಟಿಗೆಗೆ ಅಪಾಯ. ಅಂಥ ಕಾರ್ಖಾನೆಗೆ ಸಾವಿರಾರು ಕೋಟಿ ಬೇಕು, ವರ್ಷಕ್ಕೆ ಲಕ್ಷಗಟ್ಟಲೆ ಕಾರಿಗಾಗುವಷ್ಟು ಸೆಲ್ ಹೊರಗೆ ಬಂದರೆ ಮಾತ್ರ ಅಸಲು ಹುಟ್ಟುತ್ತದೆ. ಭಾರತದ ಯಾವ ಒಂದು ಕಂಪನಿಗೂ ಅಷ್ಟು ಕರೆಂಟ್ ಕಾರಿನ ಗಿರಾಕಿ ಇನ್ನೂ ಇಲ್ಲ. ಎದುರಾಳಿಗಳು ನೆಂಟರಾಗಿರುವ ಗುಟ್ಟು ಇಲ್ಲಿದೆ. ಪ್ರೀತಿಯಿಂದಲ್ಲ, ಖರ್ಚಿನ ಭಯದಿಂದ.

ಇನ್ನೊಂದು ಭಯ ಚೀನಾದ್ದು. ಜಗತ್ತಿನ ಕರೆಂಟ್ ಕಾರುಗಳ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡುವುದು ಚೀನಾದ ಎರಡೇ ಕಂಪನಿ: ಸಿಎಟಿಎಲ್ ಮತ್ತು ಬಿವೈಡಿ. ಇದರಲ್ಲಿ ಬಿವೈಡಿ ತಾನೇ ಕಾರನ್ನೂ ಮಾರುತ್ತದೆ. ಅಂದರೆ ಬೇರೆಯವರು ತಮ್ಮ ಎದುರಾಳಿಯ ಅಂಗಡಿಯಿಂದಲೇ ಅಕ್ಕಿ ತಂದು ಊಟದ ಹೋಟೆಲ್ ನಡೆಸಬೇಕಾದ ಪರಿಸ್ಥಿತಿ!

ಬಿಡದಿಯಲ್ಲಿ ಹುಟ್ಟಿದ ಸುಜುಕಿ ಕಾರು

ಕರ್ನಾಟಕದವರು ಈ ನೆಂಟಸ್ತಿಕೆಯನ್ನು ಕಣ್ಣಾರೆ ನೋಡಿದ್ದು ಬಿಡದಿಯಲ್ಲಿ. ಜಪಾನಿನ ಟೊಯೊಟಾ ಮತ್ತು ಕಿರ್ಲೋಸ್ಕರ್ ಸೇರಿ 1997ರಲ್ಲಿ ಕಟ್ಟಿದ ಕಂಪನಿ ಅಲ್ಲಿಯದು. ಕ್ವಾಲಿಸ್, ಇನ್ನೋವಾ ಹೊರಗೆ ಬಂದದ್ದು ಅಲ್ಲಿಂದ. ಇತ್ತ ಮಾರುತಿಯ ಯಜಮಾನ ಸುಜುಕಿ. ಇಬ್ಬರೂ ಜಪಾನಿನವರು, ಇಬ್ಬರೂ ಪೇಟೆಯಲ್ಲಿ ಪೈಪೋಟಿಗೆ ಬಿದ್ದವರು.

2016ರಲ್ಲಿ ಇವರು ಮಾತುಕತೆ ಶುರು ಮಾಡಿದರು. 2019ರಲ್ಲಿ ಮಾರುತಿಯ ಬಲೆನೊ ಕಾರು ಗ್ಲಾಂಜಾ ಎಂಬ ಹೆಸರಿನಲ್ಲಿ ಟೊಯೊಟಾ ಅಂಗಡಿಯಲ್ಲಿ ಕೂತಿತು. ಅದೇ ವರ್ಷ ಒಬ್ಬರ ಷೇರನ್ನು ಇನ್ನೊಬ್ಬರು ಕೊಳ್ಳುವ ತೀರ್ಮಾನವೂ ಆಯಿತು. ಟೊಯೊಟಾ ಸುಜುಕಿಯಲ್ಲಿ ನೂರಕ್ಕೆ ಐದರ ಹತ್ತಿರ ಪಾಲು ತೆಗೆದುಕೊಂಡಿತು. 2022ರಲ್ಲಿ ಆಟ ತಿರುಗಿತು. ಮಾರುತಿಯ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾದ ಹೈರೈಡರ್ ಎರಡೂ ಬಿಡದಿಯ ಒಂದೇ ಕಾರ್ಖಾನೆಯಲ್ಲಿ ತಯಾರಾಗತೊಡಗಿದವು. ಇವು ಪೂರಾ ಕರೆಂಟ್ ಕಾರಲ್ಲ. ಕೆಲವು ಮಾದರಿಗಳಲ್ಲಿ ಪೆಟ್ರೋಲ್ ಎಂಜಿನ್ನೂ ಬ್ಯಾಟರಿಯೂ ಕೂಡಿ ಚಕ್ರ ತಿರುಗಿಸುವ ಹೈಬ್ರಿಡ್ ಏರ್ಪಾಡು. ಆದರೂ ಎದುರಾಳಿಯ ಕಾರನ್ನು ತನ್ನ ಮನೆಯಲ್ಲಿ ಹೆತ್ತುಕೊಡುವಷ್ಟು ಸಲಿಗೆ ಬಂದಿತ್ತು.

ಬ್ಯಾಟರಿಯ ಮನೆ ಗುಜರಾತಿನ ಹಾನ್ಸಲ್‌ಪುರದಲ್ಲಿ. ಅಲ್ಲಿ ಸುಜುಕಿ, ತೊಶಿಬಾ, ಡೆನ್ಸೊ ಮೂವರು 2017ರಲ್ಲಿ ಕೂಡಿ ಲಿಥಿಯಂ ಬ್ಯಾಟರಿಯ ಕಂಪನಿ ಮಾಡಿದರು. ಸುಜುಕಿಗೆ ನೂರಕ್ಕೆ 50, ತೊಶಿಬಾಕ್ಕೆ 40, ಡೆನ್ಸೊಗೆ 10 ಪಾಲು. ಡೆನ್ಸೊ ಎಂದರೆ ಟೊಯೊಟಾ ಬಳಗದ ಕಂಪನಿ. 2024ರ ಅಕ್ಟೋಬರಿನಲ್ಲಿ ಮತ್ತೊಂದು ಹೆಜ್ಜೆ: ಗುಜರಾತಿನಲ್ಲಿ ಸುಜುಕಿ ತಯಾರಿಸುವ ಪೂರಾ ಕರೆಂಟ್ ಕಾರನ್ನು ಟೊಯೊಟಾಕ್ಕೂ ಕೊಡುವುದೆಂದು ಇಬ್ಬರೂ ಸಾರಿದರು. 2025ರ ಆಗಸ್ಟ್ 26ರಂದು ಪ್ರಧಾನಿ ನರೇಂದ್ರ ಮೋದಿ ಹಾನ್ಸಲ್‌ಪುರದಲ್ಲಿ ಇ-ವಿಟಾರಾಕ್ಕೆ ಹಸಿರು ನಿಶಾನೆ ತೋರಿಸಿದರು. ಅದೇ ದಿನ ಹೈಬ್ರಿಡ್ ಬ್ಯಾಟರಿಯ ಒಳಗಿನ ಎಲೆಕ್ಟ್ರೋಡ್ ತಯಾರಿಕೆಯೂ ಅಲ್ಲೇ ಶುರುವಾಯಿತು.

ದೇವನಹಳ್ಳಿಯ ಮನೆಗೆ ಕೊರಿಯಾದ ಬೀಗರು

ಎಕ್ಸೈಡ್ ಹೆಸರು ಕೇಳದ ದೋಣಿಯವರಿಲ್ಲ, ಲಾರಿಯವರಿಲ್ಲ. ಮನೆಯ ಇನ್ವರ್ಟರಿನಲ್ಲೂ ಅದೇ ಹೆಸರು. ಆ ಕಂಪನಿ 2022ರಲ್ಲಿ ಎಕ್ಸೈಡ್ ಎನರ್ಜಿ ಸೊಲ್ಯೂಷನ್ಸ್ ಎಂಬ ಮರಿ ಕಂಪನಿ ಮಾಡಿ, ಬೆಂಗಳೂರು ವಿಮಾನ ನಿಲ್ದಾಣದ ಹತ್ತಿರ ದೇವನಹಳ್ಳಿ ಕಡೆಯ 80 ಎಕರೆಯಲ್ಲಿ ಲಿಥಿಯಂ ಸೆಲ್ ಕಾರ್ಖಾನೆಗೆ ಕೈ ಹಾಕಿತು. ಯೋಜನೆಯ ವೆಚ್ಚ ಸುಮಾರು 6,000 ಕೋಟಿ ರೂ. ತಾಕತ್ತು ಎರಡು ಹಂತ ಸೇರಿ ವರ್ಷಕ್ಕೆ 12 ಗಿಗಾವ್ಯಾಟ್ ಅವರ್. ಒಂದು ಕಾರಿಗೆ 40 ಯೂನಿಟ್ ಹಿಡಿದರೆ ಅದು 3 ಲಕ್ಷ ಕಾರಿಗೆ ಸಾಕು. ವಿದ್ಯೆ ಚೀನಾದ ಎಸ್‌ವೋಲ್ಟ್ ಕಂಪನಿಯದು.

2024ರ ಏಪ್ರಿಲ್‌ನಲ್ಲಿ ಕೊರಿಯಾದ ಹ್ಯುಂಡೈ ಮತ್ತು ಕಿಯಾ ಎರಡೂ ಈ ಎಕ್ಸೈಡ್ ಜೊತೆ ಕೈ ಕುಲುಕಿದವು. ಭಾರತದಲ್ಲಿ ಮಾರುವ ತಮ್ಮ ಕರೆಂಟ್ ಕಾರಿಗೆ ಇಲ್ಲಿಯದೇ ಸೆಲ್ ಬೇಕು ಎಂಬ ತಿಳುವಳಿಕೆ ಪತ್ರ ಅದು. ಪಕ್ಕಾ ಖರೀದಿ ಕರಾರಲ್ಲ. ಹ್ಯುಂಡೈ, ಕಿಯಾ ಇಬ್ಬರೂ ಒಂದೇ ಮನೆಯವರು. 1997ರ ಏಷ್ಯಾದ ಹಣದ ಮುಗ್ಗಟ್ಟಿನಲ್ಲಿ ಕಿಯಾ ಮುಳುಗಿದಾಗ ಹ್ಯುಂಡೈ ಅದನ್ನು ಎತ್ತಿಕೊಂಡಿತು. ಆದರೆ ಪೇಟೆಯಲ್ಲಿ ಈಗಲೂ ಕ್ರೆಟಾ ಮತ್ತು ಸೆಲ್ಟೋಸ್ ಒಂದೇ ಗಿರಾಕಿಗೆ ಗಾಳ ಹಾಕುತ್ತವೆ.

ಈ ಸೆಲ್ಲಿನ ಜಾತಿ ಲಿಥಿಯಂ, ಕಬ್ಬಿಣ, ರಂಜಕ ಸೇರಿದ್ದು. ಎಲ್‌ಎಫ್‌ಪಿ ಎಂದು ಕರೆಯುತ್ತಾರೆ. ಕೋಬಾಲ್ಟ್, ನಿಕಲ್ ಬೇಡ. ಹಾಗಾಗಿ ಅಗ್ಗ, ಬೆಂಕಿಯ ಭಯವೂ ಕಮ್ಮಿ. ಆದರೆ ಇದರ ವಿದ್ಯೆಯ ಬೀಗದ ಕೈ ಚೀನಾದ ಹತ್ತಿರ. 2025ರ ಜುಲೈಯಲ್ಲಿ ಚೀನಾ ಸರ್ಕಾರ ಈ ಜಾತಿಯ ಸೆಲ್ಲಿನ ಮುಖ್ಯ ಪುಡಿ ಮಾಡುವ ವಿದ್ಯೆಯನ್ನು ಅನುಮತಿಯಿಲ್ಲದೆ ಹೊರದೇಶಕ್ಕೆ ಕೊಡಬಾರದೆಂದು ಪಟ್ಟಿಗೆ ಸೇರಿಸಿತು. ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇದೆ ಎಂದು 2021ರಲ್ಲಿ ಕೇಂದ್ರ ಸರ್ಕಾರ ಹೇಳಿತ್ತು. ನೆಲದಡಿಯ ಅಂದಾಜು ಒಂದು, ಕಾರ್ಖಾನೆಗೆ ಬರುವ ಮಾಲು ಇನ್ನೊಂದು.

ಕಾರವಾರಕ್ಕೂ ಇಲ್ಲೊಂದು ಸಣ್ಣ ಎಳೆ ಇದೆ. ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ ಎಲ್ಲರಿಗೂ ಗೊತ್ತು. ಬಲ್ಲಾರಪುರದವರ ಕಾಲದಿಂದ ಸೊಲಾರಿಸ್‌ಗೆ, 2013ರಲ್ಲಿ ಆದಿತ್ಯ ಬಿರ್ಲಾದವರಿಗೆ ಅದು ದಾಟಿತು. ಆಗ ದಾಟಿದ್ದರಲ್ಲಿ ಫಾಸ್ಫೊರಿಕ್ ಆಮ್ಲದ ವಿಭಾಗವೂ ಇತ್ತು. ಎಲ್‌ಎಫ್‌ಪಿ ಸೆಲ್ಲಿನ ರಂಜಕ ಬರುವುದು ಇಂಥ ಆಮ್ಲದಿಂದಲೇ. ಬ್ಯಾಟರಿಗೆ ಬೇಕಾದ ಶುದ್ಧತೆಯ ದರ್ಜೆ ಬೇರೆ, ನಿಜ. ಆದರೆ ಆ ವಿದ್ಯೆ ಕಲಿತರೆ ಬೇರು ಈ ನೆಲದಲ್ಲೇ ಇದೆ ಎಂದು ಜಿಲ್ಲೆಯ ಪ್ರತಿನಿಧಿಗಳು ಕೇಳಿದ್ದುಂಟೇ?

ರೇವಾ ಕಲಿಸಿದ ಪಾಠ

ಕರೆಂಟ್ ಕಾರು ಕರ್ನಾಟಕಕ್ಕೆ ಹೊಸದಲ್ಲ. 1994ರಲ್ಲಿ ಬೆಂಗಳೂರಿನ ಮೈನಿ ಬಳಗ ಅಮೆರಿಕದ ಕಂಪನಿಯೊಂದರ ಜೊತೆ ಕೂಡಿ ರೇವಾ ಕಂಪನಿ ಕಟ್ಟಿತು. ಚೇತನ್ ಮೈನಿಯವರ ಆ ಪುಟ್ಟ ಕಾರು 2001ರಲ್ಲಿ ರಸ್ತೆಗಿಳಿಯಿತು. ಎರಡೇ ಬಾಗಿಲು, ಸೀಸದ ಬ್ಯಾಟರಿ, ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿ.ಮೀ. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಊರಿನಲ್ಲಿ ಮಾತ್ರ ಜನ ನೋಡಿ ನಕ್ಕರು, ಕೊಂಡವರು ಕಮ್ಮಿ. ವಿದ್ಯೆ ಇತ್ತು, ಅದನ್ನು ಬೆಳೆಸುವಷ್ಟು ದುಡ್ಡು ಇರಲಿಲ್ಲ. 2010ರಲ್ಲಿ ಮಹೀಂದ್ರಾ ಅದರ ಹೆಚ್ಚಿನ ಪಾಲು ಕೊಂಡಿತು.

ಆ ಮಹೀಂದ್ರಾ ಕೂಡ ಈಗ ಒಂಟಿಯಲ್ಲ. 2024ರ ಫೆಬ್ರವರಿಯಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಜೊತೆ ಮೋಟಾರು, ಬ್ಯಾಟರಿಯ ಭಾಗ ಮತ್ತು ಸೆಲ್ ಕೊಳ್ಳುವ ಕರಾರು ಮಾಡಿತು. ಹಲವು ವರ್ಷಗಳಿಗೆ ಸೇರಿ ಒಟ್ಟು ಸುಮಾರು 50 ಗಿಗಾವ್ಯಾಟ್ ಅವರ್. ಕಾರಿಗೆ 50 ಯೂನಿಟ್ ಹಿಡಿದರೆ 10 ಲಕ್ಷ ಕಾರಿನ ಮಾಲು. ಅದೇ ಫೋಕ್ಸ್‌ವ್ಯಾಗನ್ನಿನ ಬಳಗದ ಸ್ಕೋಡಾ ಪೇಟೆಯಲ್ಲಿ ಮಹೀಂದ್ರಾದ ಎದುರಾಳಿ. ಇನ್ನು ಮಹೀಂದ್ರಾ 2024ರ ನವೆಂಬರಿನಲ್ಲಿ ತೋರಿಸಿದ ಬಿಇ-6, ಎಕ್ಸ್‌ಇವಿ-9ಇ ಕಾರುಗಳ ಸೆಲ್ ಬಿವೈಡಿಯದು. ಬಡಾಯಿ ಯಾರದೇ ಇರಲಿ, ಬಾನೆಟ್ ಮೇಲಿನ ಹೆಸರಿಗೂ ಹೊಟ್ಟೆಯಡಿಯ ಪೆಟ್ಟಿಗೆಗೂ ಸಂಬಂಧ ಕಡಿದುಹೋದ ಕಾಲ ಇದು.

ಸರ್ಕಾರವೂ ಸುಮ್ಮನೆ ಕೂತಿಲ್ಲ. ದೇಶದಲ್ಲೇ ಸೆಲ್ ಮಾಡುವವರಿಗೆಂದು ಕೇಂದ್ರ ಸರ್ಕಾರ 2021ರಲ್ಲಿ 18,100 ಕೋಟಿ ರೂ. ಪ್ರೋತ್ಸಾಹ ಧನ ತೆಗೆದಿಟ್ಟಿತು. ಗುರಿ 50 ಗಿಗಾವ್ಯಾಟ್ ಅವರ್. 2022ರಲ್ಲಿ ಆಯ್ಕೆಯಾದವರಲ್ಲಿ ಹೆಚ್ಚಿನವರು ಗಡುವಿನೊಳಗೆ ಕಾರ್ಖಾನೆ ಎಬ್ಬಿಸಲಾಗಲಿಲ್ಲ. ದುಡ್ಡು ಇಟ್ಟರೂ ಒಬ್ಬೊಬ್ಬರಾಗಿ ಏಗುವುದು ಸುಲಭವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ರಂಪಣಿಯ ಲೆಕ್ಕ ಗೊತ್ತಿದ್ದವರಿಗೆ

ಈ ವ್ಯವಹಾರ ಅರ್ಥವಾಗಲು ಕಾರವಾರದವರು ಜಪಾನಿಗೆ ಹೋಗಬೇಕಾಗಿಲ್ಲ. ರಂಪಣಿ ಬಲೆಯನ್ನು ನೆನೆದರೆ ಸಾಕು. ಅಷ್ಟು ದೊಡ್ಡ ಬಲೆಯನ್ನು ಒಂದು ಮನೆಯವರು ಹೊರುವುದು ಸಾಧ್ಯವಿರಲಿಲ್ಲ. ಹಲವರು ಪಾಲು ಹಾಕಬೇಕಿತ್ತು. ಹತ್ತಾರು ಜನ ದಡದಲ್ಲಿ ಎರಡು ಕಡೆ ನಿಂತು ಹಗ್ಗ ಎಳೆಯಬೇಕಿತ್ತು. ನಿನ್ನೆ ಬೈದಾಡಿಕೊಂಡವರೂ ಬಂಗಡೆ ರಾಶಿ ಬಂದಾಗ ಒಂದೇ ಹಗ್ಗ ಹಿಡಿಯುತ್ತಿದ್ದರು. ಎಳೆದವನಿಗೊಂದು ಪಾಲು, ಬಲೆಗೊಂದು ಪಾಲು, ದೋಣಿಗೊಂದು ಪಾಲು. ಪಾಲಿನ ಲೆಕ್ಕ ಎಲ್ಲರ ಎದುರಿಗೇ ದಡದ ಮೇಲೆ ಆಗುತ್ತಿತ್ತು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟು ಬಂತು. ದುಡ್ಡಿದ್ದವರು ಸಮುದ್ರದ ಒಳಗೇ ಮೀನು ಸುತ್ತುವರಿದು ಹಿಡಿದರು. ದಡಕ್ಕೆ ಬರುವ ಮೀನು ಕಮ್ಮಿಯಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ನೆಲಕಚ್ಚಿತು. ಮೀನು ಹೆಚ್ಚು ಬಂತು, ಆದರೆ ಪಾಲುದಾರರು ಕಮ್ಮಿಯಾದರು.

ಬ್ಯಾಟರಿಯ ಕೂಡುಗಾರಿಕೆ ಇವೆರಡರಲ್ಲಿ ಯಾವುದು? ಖರ್ಚು ಹಂಚಿಕೊಳ್ಳುವಾಗ ಅದು ರಂಪಣಿಯ ಹಾಗೇ ಕಾಣುತ್ತದೆ. ಲಾಭ ಹಂಚುವಾಗಲೂ ಹಾಗೇ ಇದ್ದೀತೇ? ಯುರೋಪಿನ ಉದಾಹರಣೆ ನೋಡಿ. 2025ರ ಏಪ್ರಿಲ್ 1ರಂದು ಯುರೋಪಿಯನ್ ಕಮಿಷನ್ 15 ಕಾರು ಕಂಪನಿಗಳಿಗೆ ಮತ್ತು ಅವುಗಳ ಸಂಘಕ್ಕೆ ಸೇರಿ 45.8 ಕೋಟಿ ಯೂರೋ ದಂಡ ಹಾಕಿತು. ತಪ್ಪೇನು? ಆಯುಷ್ಯ ಮುಗಿದ ಕಾರುಗಳನ್ನು ಬಿಚ್ಚುವವರಿಗೆ ಕಾಸು ಕೊಡಬಾರದೆಂದು ಎದುರಾಳಿಗಳೆಲ್ಲ ಒಳಗೊಳಗೇ ಮಾತಾಡಿಕೊಂಡದ್ದು. ಹದಿನೈದು ವರ್ಷ ಈ ಒಳಮಾತು ನಡೆದಿತ್ತು. ಕೂಡಿ ಕೆಲಸ ಮಾಡುವುದು ತಪ್ಪಲ್ಲ. ಕೂಡಿ ಕೂತಾಗ ರೇಟಿನ ಮಾತೂ ಬಂದರೆ ಅಲ್ಲಿ ಗಿರಾಕಿಯ ಗಂಟಲಿಗೆ ಕುಣಿಕೆ ಬೀಳುತ್ತದೆ. ದೇಶದಲ್ಲಿ ಇದನ್ನು ನೋಡಬೇಕಾದ್ದು ಭಾರತೀಯ ಸ್ಪರ್ಧಾ ಆಯೋಗ.

ಮುರಿದ ಮದುವೆಗಳೂ ಇವೆ

ಎಲ್ಲ ನೆಂಟಸ್ತಿಕೆಯೂ ಬಾಳುವುದಿಲ್ಲ. ಜಪಾನಿನ ಹೋಂಡಾ ಮತ್ತು ನಿಸಾನ್ 2024ರ ಆಗಸ್ಟಿನಲ್ಲಿ ಬ್ಯಾಟರಿ ಹಂಚಿಕೊಳ್ಳುವ ಮಾತಾಡಿದವು. ಡಿಸೆಂಬರಿನಲ್ಲಿ ಎರಡೂ ಕಂಪನಿ ಒಂದೇ ಆಗುವ ನಿಶ್ಚಿತಾರ್ಥದವರೆಗೆ ಹೋದವು. 2025ರ ಫೆಬ್ರವರಿಯಲ್ಲಿ ಆ ಸಂಬಂಧ ಮುರಿದುಬಿತ್ತು. ಸ್ವೀಡನ್ನಿನ ನಾರ್ತ್‌ವೋಲ್ಟ್ ಕಂಪನಿಯಲ್ಲಿ ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು ಇಬ್ಬರೂ ದುಡ್ಡು ಹಾಕಿದ್ದರು. ಸೆಲ್ ಸರಿಯಾಗಿ ಹೊತ್ತಿಗೆ ಬರಲಿಲ್ಲ. 2024ರಲ್ಲಿ ಬಿಎಂಡಬ್ಲ್ಯು 200 ಕೋಟಿ ಯೂರೋದ ಆರ್ಡರ್ ರದ್ದು ಮಾಡಿತು. 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಸ್ಟೆಲಾಂಟಿಸ್, ಮರ್ಸಿಡಿಸ್, ಟೋಟಲ್ ಎನರ್ಜೀಸ್ ಕೂಡಿದ ಎಸಿಸಿ ಎಂಬ ಕಂಪನಿ ಫ್ರಾನ್ಸಿನಲ್ಲಿ ಕಾರ್ಖಾನೆ ತೆರೆಯಿತು. ಜರ್ಮನಿ, ಇಟಲಿಯಲ್ಲಿ ಕಟ್ಟಬೇಕಾದ್ದನ್ನು 2024ರಲ್ಲಿ ನಿಲ್ಲಿಸಿತು.

ದೊಡ್ಡವರ ಸಂಬಂಧ ಮುರಿದರೆ ವಕೀಲರು ನೋಡಿಕೊಳ್ಳುತ್ತಾರೆ. ಅಷ್ಟರಲ್ಲಿ ಕಾರು ಕೊಂಡವನ ಗತಿ? ಎಂಟು ವರ್ಷದ ವಾರಂಟಿ ಬರೆದುಕೊಟ್ಟ ಪೆಟ್ಟಿಗೆಯ ಸೆಲ್ ಮಾಡಿದ ಕಂಪನಿಯೇ ಮುಚ್ಚಿಹೋದರೆ ಬದಲಿ ಸೆಲ್ ಎಲ್ಲಿಂದ ಬರಬೇಕು?

ಅಂಕೋಲೆ ಕಡೆಯ ಗ್ಯಾರೇಜುಗಳಲ್ಲಿ ಕರೆಂಟ್ ಕಾರಿನ ಮಾತು ಬಂದರೆ ಅದು ಸಾಗುವುದು ಹೆಚ್ಚುಕಮ್ಮಿ ಹೀಗೆ:

“ಮಿಸ್ತ್ರಿ, ಕರೆಂಟ್ ಗಾಡಿ ತಕ್ಕೊಳ್ಳೂದಾ, ಬಿಡೂದಾ?”

“ತಕ್ಕೊ ಮಾರಾಯ, ಯಾರು ಬೇಡ ಅಂದ್ರು? ಆದ್ರೆ ಬ್ಯಾಟರಿ ಕೆಟ್ರೆ ನನ್ನ ಹತ್ರ ತರಬೇಡ. ಆ ಪೆಟ್ಟಿಗೆ ಬಿಚ್ಚೂಕೆ ನಂಗೆ ಯಾರೂ ಕಲಿಸ್ಲಿಲ್ಲ.”

“ಮೇಲೆ ಒಬ್ರ ಹೆಸ್ರು, ಒಳಗಿನ ಬ್ಯಾಟರಿ ಇನ್ನೊಬ್ರದ್ದು ಅಂತ್ರಲ್ಲ. ಕೆಟ್ರೆ ಯಾರ ಬಾಗಿಲು ತಟ್ಟೂದು?”

“ಬಿಲ್ಲು ಯಾರು ಕೊಟ್ರೋ ಅವ್ರದ್ದೇ. ಬೇರೆಯವ್ರು ನಿನ್ನ ಮಾತಾಡ್ಸೂದಿಲ್ಲ.”

ಮಿಸ್ತ್ರಿಯ ಮಾತಿನಲ್ಲಿ ಕಾಯಿದೆಯೂ ಇದೆ, ಅನುಭವವೂ ಇದೆ. ಬ್ಯಾಟರಿ ಪೆಟ್ಟಿಗೆಯೊಳಗೆ ನೂರಾರು ವೋಲ್ಟ್ ಇರುತ್ತದೆ. ತರಬೇತಿ ಇಲ್ಲದೆ ಸ್ಪ್ಯಾನರ್ ಹಾಕಿದರೆ ಜೀವಕ್ಕೇ ಅಪಾಯ. ಉಪ್ಪು ಗಾಳಿಯ ಊರಿನಲ್ಲಿ ಕಬ್ಬಿಣದ ಕಿಟಕಿಯೇ ಬಾಳುವುದಿಲ್ಲ. ಪೆಟ್ಟಿಗೆಯನ್ನು ನೀರು ಹೋಗದಂತೆ ಮುಚ್ಚಿದ್ದರೂ ವೈರು, ಕನೆಕ್ಟರುಗಳ ಮೇಲೆ ಕಣ್ಣಿಡುವವರು ಬೇಕೇ ಬೇಕು.

ಬಾಡಿಗೆ ಬ್ಯಾಟರಿ: ಯಾರಿಗೆ ಲಾಭ?

ಕೇಣಿಯ ಮಾತಿಗೆ ಬರೋಣ. 2023ರ ನವೆಂಬರಿನಲ್ಲಿ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ಕೇಣಿ ಬಂದರಿನ ಗುತ್ತಿಗೆ ಸಿಕ್ಕಿತು. ಯೋಜನೆಯ ಅಂದಾಜು 4,119 ಕೋಟಿ ರೂ. 2025ರಲ್ಲಿ ಸಮುದ್ರದ ಸರ್ವೆ ಶುರುವಾದಾಗ ಮೀನುಗಾರರು ಹೆಂಗಸರು ಮಕ್ಕಳ ಸಮೇತ ಬೀದಿಗಿಳಿದರು. ಅದೇ ಜೆಎಸ್‌ಡಬ್ಲ್ಯು ಸಮೂಹ ಚೀನಾದ ಎಸ್‌ಎಐಸಿ ಜೊತೆ ಕೂಡಿ 2024ರ ಮಾರ್ಚಿನಲ್ಲಿ ಜೆಎಸ್‌ಡಬ್ಲ್ಯು ಎಂಜಿ ಮೋಟಾರ್ ಎಂಬ ಜಂಟಿ ಕಂಪನಿಯನ್ನು ಸಾರಿತು. ಗುಜರಾತಿನ ಹಾಲೋಲ್‌ನಲ್ಲಿರುವ ಅವರ ಕಾರ್ಖಾನೆ ಹಿಂದೆ ಜನರಲ್ ಮೋಟಾರ್ಸ್‌ನದಾಗಿತ್ತು.

2024ರ ಸೆಪ್ಟೆಂಬರಿನಲ್ಲಿ ಈ ಕಂಪನಿ ವಿಂಡ್ಸರ್ ಎಂಬ ಕರೆಂಟ್ ಕಾರು ತಂದು ಹೊಸ ಪಟ್ಟು ಹಾಕಿತು. ಕಾರು ಕೊಳ್ಳಿ, ಬ್ಯಾಟರಿ ಬಾಡಿಗೆಗೆ ಇಟ್ಟುಕೊಳ್ಳಿ! ಆಗಿನ ರೇಟು: ಬ್ಯಾಟರಿ ಬಿಟ್ಟು 9.99 ಲಕ್ಷ ರೂ., ಮೇಲೆ ಪ್ರತಿ ಕಿ.ಮೀ.ಗೆ 3.50 ರೂ. ಬ್ಯಾಟರಿ ಬಾಡಿಗೆ. ಬ್ಯಾಟರಿ ಸಮೇತ ಕೊಂಡರೆ 13.50 ಲಕ್ಷ. ಅಂದರೆ ವ್ಯತ್ಯಾಸ ಮೂರೂವರೆ ಲಕ್ಷ.

ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ಮೂರೂವರೆ ಲಕ್ಷವನ್ನು ಮೂರೂವರೆ ರೂಪಾಯಿಯಿಂದ ಭಾಗಿಸಿದರೆ 1 ಲಕ್ಷ ಕಿ.ಮೀ. ಕಾರವಾರದಿಂದ ಹತ್ತಿರದ ಶಾಲೆಗೆ ಹೋಗಿಬಂದು ದಿನಕ್ಕೆ 20 ಕಿ.ಮೀ. ಓಡಿಸುವ ಮಾಸ್ತರರಿಗೆ 1 ಲಕ್ಷ ಕಿ.ಮೀ. ಆಗಲು ಹದಿಮೂರು ವರ್ಷ ಮಿಕ್ಕಿ ಬೇಕು. ಅವರಿಗೆ ಬಾಡಿಗೆ ಸಲೀಸು. ದಿನಕ್ಕೆ 200 ಕಿ.ಮೀ. ಓಡಿಸುವ ಟ್ಯಾಕ್ಸಿಯವನಿಗೆ ಇದೇ ಲೆಕ್ಕ ಹಚ್ಚಿದರೆ 500 ದಿನದಲ್ಲಿ ಬ್ಯಾಟರಿಯ ಬೆಲೆ ತೀರುತ್ತದೆ. ಆಮೇಲೆ ಕೊಡುವ ಒಂದೊಂದು ರೂಪಾಯಿಯೂ ಮೇಲಿನದು. ಸಾಲದ ಬಡ್ಡಿ ಸೇರಿಸಿದರೆ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು, ದಿಕ್ಕು ಬದಲಾಗದು. ಸಾಲ ಕೊಡುವವರು ತಿಂಗಳಿಗೆ ಕನಿಷ್ಠ ಇಷ್ಟು ಕಿ.ಮೀ. ಬಾಡಿಗೆ ಎಂದು ಬರೆಸಿಕೊಳ್ಳುವುದೂ ಉಂಟು. ರುಜು ಹಾಕುವ ಮುಂಚೆ ಆ ಸಾಲನ್ನು ಓದಬೇಕು.

ದೂರದ ಭಯ ಮಾತ್ರ ಅಷ್ಟು ಬೇಡ. ಆ ಕಾರಿನ 38 ಯೂನಿಟ್ ಬ್ಯಾಟರಿಗೆ ಕಂಪನಿ ಹೇಳುವ ಓಟ 332 ಕಿ.ಮೀ. ಅದು ಪರೀಕ್ಷೆಯ ಲೆಕ್ಕ. ರಸ್ತೆಯಲ್ಲಿ ಕಾಲು ಪಾಲು ಕಳೆದರೂ ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿ ಹುಬ್ಬಳ್ಳಿ ಮುಟ್ಟಬಹುದು. ಘಟ್ಟ ಹತ್ತುವಾಗ ಖರ್ಚಾದ ಕರೆಂಟಿನಲ್ಲಿ ಒಂದಿಷ್ಟನ್ನು ಇಳಿಯುವಾಗ ಮೋಟಾರೇ ಬ್ರೇಕಿನಂತೆ ಕೆಲಸ ಮಾಡಿ ಬ್ಯಾಟರಿಗೆ ಮರಳಿ ತುಂಬುತ್ತದೆ. ಡೀಸೆಲ್ ಗಾಡಿಯಲ್ಲಿ ಈ ಉಪಾಯವಿಲ್ಲ.

ಕೊಡುವವರು ಇಲ್ಲಿ, ಉಣ್ಣುವವರು ಅಲ್ಲಿ

ಈಗ ಜಿಲ್ಲೆಯ ಪಾಲಿನ ಮಾತು. ಕೈಗಾದ ನಾಲ್ಕು ಘಟಕ ಸೇರಿ 880 ಮೆಗಾವ್ಯಾಟ್. ನಾಲ್ಕೂ ಪೂರಾ ನಡೆದರೆ ಒಂದೇ ಗಂಟೆಯಲ್ಲಿ 8.8 ಲಕ್ಷ ಯೂನಿಟ್ ಕರೆಂಟು. ದಾರಿಯ ಸೋರಿಕೆ ಬಿಟ್ಟರೆ 38 ಯೂನಿಟ್ಟಿನ 23 ಸಾವಿರ ಕಾರಿನ ಹೊಟ್ಟೆ ತುಂಬಬಹುದು. ಕದ್ರಾದ 150 ಮೆಗಾವ್ಯಾಟ್, ಕೊಡಸಳ್ಳಿಯ 120 ಮೆಗಾವ್ಯಾಟ್ ಬೇರೆ. ಕೈಗಾಕ್ಕೆ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳೂ ಬರಲಿವೆ. ಇಷ್ಟು ಕರೆಂಟು ಹುಟ್ಟಿಸುವ ಜಿಲ್ಲೆಯಲ್ಲಿ ಮಳೆಗಾಲದ ಗಾಳಿ ಎದ್ದರೆ ಹಳ್ಳಿಗಳಲ್ಲಿ ಚಿಮಣಿ ಹುಡುಕಬೇಕು!

ಕೊಟ್ಟಿದ್ದು ಕರೆಂಟು ಮಾತ್ರವಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಕಾರವಾರ, ಅಂಕೋಲೆಯ ನಾಲ್ಕು ಸಾವಿರಕ್ಕೂ ಮಿಕ್ಕಿ ಕುಟುಂಬ ಮನೆ ಬಿಟ್ಟವು. ಪರಿಹಾರಕ್ಕೆ ಎಷ್ಟೋ ವರ್ಷ ಕೋರ್ಟು ಕಚೇರಿ ಅಲೆದವು. ದೇಶದ ಕೆಲಸ ಎಂದು ಜನ ಸಹಿಸಿಕೊಂಡರು. ಈಗ ಬರುತ್ತಿರುವುದು ದೇಶದ ಕೆಲಸದ ಜೊತೆಗೆ ಕಂಪನಿಗಳ ಕೆಲಸವೂ ಹೌದು. ಕಂಪನಿಗಳಿಗೆ ಎದುರಾಳಿಯ ಜೊತೆ ಕರಾರು ಬರೆದುಕೊಳ್ಳಲು ಬರುತ್ತದೆ ಎಂದಾದರೆ, ಜಾಗ ಕೊಡುವ ಊರಿನ ಜೊತೆ ಕರಾರು ಬರೆದುಕೊಳ್ಳಲು ಏನು ಅಡ್ಡಿ?

ಸೆಲ್ ಕಾರ್ಖಾನೆಯೇ ಅಂಕೋಲೆಗೆ ಬರಲಿ ಎಂದು ಭಾಷಣ ಹೊಡೆಯುವುದು ಸುಲಭ. ಅದರಲ್ಲಿ ಹುರುಳು ಕಮ್ಮಿ. ಆ ಕಾರ್ಖಾನೆಗಳಲ್ಲಿ ಹೆಚ್ಚಿನ ಕೆಲಸ ಮಷಿನ್ನಿನದು. ಹಾಕಿದ ದುಡ್ಡಿಗೆ ಹೋಲಿಸಿದರೆ ಸಿಗುವ ನೌಕರಿ ಸ್ವಲ್ಪ. ಸಮುದ್ರದಂಡೆಯ ತೇವದ ಗಾಳಿಯಲ್ಲಿ ಒಣ ಕೋಣೆ ಕಾಯುವುದು ಮತ್ತಷ್ಟು ಖರ್ಚು. ನೌಕರಿ ಹುಟ್ಟುವುದು ಬೇರೆ ಕಡೆ: ಪೆಟ್ಟಿಗೆ ಜೋಡಿಸುವಲ್ಲಿ, ರಿಪೇರಿಯಲ್ಲಿ, ಚಾರ್ಜಿಂಗ್ ಸ್ಟೇಷನ್ನಿನಲ್ಲಿ, ಹಳೇ ಬ್ಯಾಟರಿ ಬಿಚ್ಚುವಲ್ಲಿ. ಇವು ಕಾರವಾರದ ಐಟಿಐ, ಪಾಲಿಟೆಕ್ನಿಕ್, ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಂದ ಆಗದ ಕೆಲಸವಲ್ಲ. ಕಲಿಸುವವರು ಬೇಕು, ಬಿಚ್ಚಿ ನೋಡಲು ಒಂದು ಪೆಟ್ಟಿಗೆ ಬೇಕು.

ಕಾಯಿದೆಯ ಬಲವೂ ಒಂದಿದೆ. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸು ತೆಗೆದುಕೊಂಡು ಮರುಬಳಕೆಗೆ ಕಳಿಸುವ ಜವಾಬ್ದಾರಿ ಉತ್ಪಾದಕನದು. ತನ್ನ ಹೆಸರಿನಲ್ಲಿ ಮಾರುವವನೂ, ಹೊರದೇಶದಿಂದ ತರಿಸುವವನೂ ಉತ್ಪಾದಕನೇ. ಹಾಗಾಗಿ ಸೆಲ್ ಚೀನಾದ್ದು, ಪೆಟ್ಟಿಗೆ ಗುಜರಾತಿನದು, ಹೆಸರು ಮಾತ್ರ ತನ್ನದು ಎಂದು ಯಾವ ಕಂಪನಿಯೂ ನುಣುಚಿಕೊಳ್ಳುವ ಹಾಗಿಲ್ಲ. ಆದರೆ ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು. ಹಳೇ ಪೆಟ್ಟಿಗೆ ಗುಜರಿಯವನ ಕೈಗೆ ಹೋಗಿ, ಅಲ್ಲಿಂದ ಹಳ್ಳಕ್ಕೆ ಬಿದ್ದು, ಹಳ್ಳ ಕಾಳಿಯನ್ನೋ ಗಂಗಾವಳಿಯನ್ನೋ ಸೇರುವ ಮುಂಚೆ ಜಿಲ್ಲಾಡಳಿತ ಎಚ್ಚರಾಗಬೇಕು.

ಬೇಕಾದ್ದು ಮೂರೇ ಮಾತು. ಬಂದರಿನ ವಿಷಯದಲ್ಲಿ ಊರಿನವರ ಜೊತೆ ಕೂರುವಾಗ ಸರ್ಕಾರವೂ ಕಂಪನಿಯೂ ಹುಡುಗರ ತರಬೇತಿ ಮತ್ತು ಕೆಲಸದ ಲೆಕ್ಕವನ್ನು ಬರೆದುಕೊಡಲಿ. ಬಾಯಿಮಾತಿನ ಭರವಸೆ ಸೀಬರ್ಡ್ ಕಾಲದಿಂದಲೂ ಕೇಳಿ ಸಾಕಾಗಿದೆ. ಕಾರು ಮಾರುವ ಕಂಪನಿಗಳು ಬ್ಯಾಟರಿ ಯಾರದು, ಕೆಟ್ಟರೆ ಎಷ್ಟು ದಿನದಲ್ಲಿ ಎಲ್ಲಿ ರಿಪೇರಿ, ಕರಾರು ಮುರಿದರೆ ಬದಲಿ ಯಾರು ಕೊಡುತ್ತಾರೆ ಎಂಬುದನ್ನು ಬಿಲ್ಲಿನಲ್ಲೇ ಕನ್ನಡದಲ್ಲಿ ಅಚ್ಚು ಹಾಕಲಿ. ಕೊಳ್ಳುವವರು ಜಾಹೀರಾತಿನ ಬಣ್ಣ ನೋಡುವ ಮುಂಚೆ ತಮ್ಮ ದಿನದ ಕಿಲೋಮೀಟರ್ ಲೆಕ್ಕ ಹಾಕಲಿ.

ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆ ನಡೆಸಿ ಕರ್ನಾಟಕದ ಬಾರ್ಡೋಲಿ ಎನಿಸಿಕೊಂಡ ತಾಲೂಕು ಅಂಕೋಲೆ. ಸರ್ಕಾರವನ್ನೇ ಲೆಕ್ಕ ಕೇಳಿದ ಜನರಿಗೆ ಕಾರು ಕಂಪನಿಯನ್ನು ಲೆಕ್ಕ ಕೇಳುವುದು ಕಷ್ಟವೇ? ದೊಡ್ಡವರು ಬಲೆ ಹಾಕಿದ್ದಾರೆ, ಹಗ್ಗದ ಒಂದು ತುದಿ ಈ ದಡದಲ್ಲೂ ಇದೆ. ಎಳೆಯುವ ಮುಂಚೆ ಪಾಲು ಮಾತಾಡಿಕೊಳ್ಳುವುದು ಒಳ್ಳೆಯದು. ಮೀನು ಬಂದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.